ಅಂಗೈಯಲ್ಲಿ ಕಾಣದಾದದ್ದು

ಪೋರ್ಟರ್ ರ್ಯಾಂಚ್
೧೭ ಸೆಪ್ಟೆಂಬರ್ ೨೦೦೬, ರವಿವಾರ

ಸಿಟ್ಟಾಗಿರುವ ನನ್ನ ರಜನಿಗೆ,

ಅವ್ವನ ಆಶೀರ್ವಾದ. ಸಿಟ್ಟು ಇದ್ದಲ್ಲೇ ಇರಲಿ, ಇಳಿಸು ಎಂದು ನಾನು ಕೇಳುತ್ತಿಲ್ಲ. ದಿನ ತುಂಬುತ್ತ ಬಂದ ಬಸುರಿಗೆ ಸಿಟ್ಟಾಗುವ ಹಕ್ಕಾದರೂ ಬೇಡವೇ? ಬೆನ್ನಿಗೊಂದು ದಿಂಬು ಇಟ್ಟುಕೊಂಡು ಕೂತು ಇದನ್ನು ಕೊನೆಯವರೆಗೆ ಓದು, ಅಷ್ಟೇ ನಾನು ಬೇಡುವುದು. ಒಂದೊಂದು ಅಕ್ಷರವೂ ಬದನೆಕಾಯಿಯಷ್ಟಾಗಿದೆ ಎಂದು ನಗಬೇಡ. ದಪ್ಪ ಮಾರ್ಕರಿನಲ್ಲಿ ಬರೆಯುತ್ತಿದ್ದೇನೆ, ಪುಟಕ್ಕೆ ಹತ್ತು ಸಾಲು ಹಿಡಿದರೆ ಹೆಚ್ಚು. ಶುರು ಮಾಡಿ ನಾಲ್ಕು ದಿನವಾಯಿತು. ನಿಮ್ಮಪ್ಪ ತಮ್ಮ ಪ್ರಿಂಟರಿನ ಕಾಗದವೆಲ್ಲ ಮುಗಿಯಿತು ಎಂದು ಗೊಣಗುತ್ತಿದ್ದಾರೆ.

ಮೊದಲು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಆಗಸ್ಟಿನ ಮೊದಲ ವಾರ ಫೋನಿನಲ್ಲಿ, ಬಾಣಂತನಕ್ಕೆ ಸ್ಯಾನ್ ಡಿಯಾಗೋಗೆ ಬರಲಾಗುವುದಿಲ್ಲ, ಮೊಣಕಾಲು ನೋವು ಎಂದೆನಲ್ಲ, ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ದಿನಾ ಬೆಳಿಗ್ಗೆ ಗುಡ್ಡದ ರಸ್ತೆ ಹತ್ತಿ ಇಳಿಯುತ್ತೇನೆ. ನೀನು, 'ಜಯಂತನ ಮನಿ ಅಂತ ಬರವಲ್ಲಿ, ಹೌದಿಲ್ಲೋ?' ಅಂದೆ. ಅಲ್ಲ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ನಿಜವಾದ ಕಾರಣವನ್ನೂ ಹೇಳಬೇಕಾಗುತ್ತಿತ್ತು. ನೀನು ಫೋನ್ ಇಟ್ಟೆ. ಆರು ವಾರವಾಯಿತು, ಮತ್ತೆ ಎತ್ತಿಲ್ಲ. ನಿನ್ನದೇನು ತಪ್ಪು? ಜಯಂತ ಮೈಸೂರಿನವನು, ನಮ್ಮ ಪೈಕಿ ಅಲ್ಲ ಎಂದು ನಿನ್ನ ಮದುವೆಯಲ್ಲಿ ಮುಖ ಊದಿಸಿಕೊಂಡು ಓಡಾಡಿದವಳು ನಾನೇ. ಆದರೆ ಅದು ಐದು ವರ್ಷದ ಹಿಂದಿನ ಮಾತು ಮಗಾ. ಈಗ ಅವನು ಮಾಡುವ ತಿಳಿಸಾರನ್ನು ಎರಡನೇ ಸಲ ಬಡಿಸಿಕೊಳ್ಳುವವಳೂ ನಾನೇ. ನಿನ್ನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕು ಎಂದು ಎಷ್ಟು ವರ್ಷದಿಂದ ಕಾದಿದ್ದೇನೆ ಎಂಬುದು ನನಗೊಬ್ಬಳಿಗೇ ಗೊತ್ತು.

ಹಾಗಿದ್ದರೆ ಯಾಕೆ ಬರುವುದಿಲ್ಲ ಎಂದೆ? ಅದನ್ನು ಹೇಳಬೇಕಾದರೆ ನನ್ನ ಪೂಜೆಯಿಂದ ಶುರು ಮಾಡಬೇಕು. ನಿನ್ನ ಅವ್ವ ಏಳು ತಿಂಗಳ ಕಾಲ ದೇವಮಾನವಿಯಾಗಿದ್ದಳು, ನಿನಗೆ ಗೊತ್ತಿಲ್ಲ.

ನಾನು ಇಷ್ಟಲಿಂಗ ಪೂಜೆ ಮಾಡುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀ. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ರೆಪ್ಪೆ ಬಡಿಯದೆ ನೋಡುತ್ತ ಕೂರುವುದು. ನಾವು ನಾರ್ತ್‌ರಿಜ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ ನೀನು ಎದುರಿಗೆ ಕೂತು, ನಾನು ಯಾವಾಗ ರೆಪ್ಪೆ ಬಡಿಯುತ್ತೇನೆ ಎಂದು ಕಾಯುತ್ತಿದ್ದೆ. ಕಪ್ಪಗೆ ಹೊಳೆಯುವ ಆ ಮೈಮೇಲೆ ಕಿಟಕಿಯ ಬೆಳಕು ಒಂದು ಚುಕ್ಕೆಯಾಗಿ ಬೀಳುತ್ತದೆ. ದೃಷ್ಟಿಯನ್ನು ಆ ಚುಕ್ಕೆಯಲ್ಲಿ ನಿಲ್ಲಿಸಬೇಕು. ನಿಲ್ಲಿಸುತ್ತ ನಿಲ್ಲಿಸುತ್ತ, ಲಿಂಗ ಬೇರೆ, ನಾನು ಬೇರೆ ಎಂಬುದು ಅಳಿದು ಎರಡೂ ಒಂದಾಗುವ ಗಳಿಗೆಯೊಂದು ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಲವತ್ತು ವರ್ಷ ನೋಡಿದೆ. ಬೆನ್ನು ನೋವು ಬಂತು, ಆ ಗಳಿಗೆ ಬರಲಿಲ್ಲ.

ಹೋದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬಂತು. ಚುಕ್ಕೆಯನ್ನು ನೋಡುತ್ತಲೇ ಇದ್ದೆ. ಮೊದಲು ಚುಕ್ಕೆ ಹೋಯಿತು. ಆಮೇಲೆ ಲಿಂಗವೇ ಹೋಯಿತು. ಅಂಗೈಯಲ್ಲಿ ಅದರ ಭಾರ ಇದೆ, ತಂಪು ಇದೆ, ಆದರೆ ಕಾಣುತ್ತಿರುವುದು ಬರೀ ಅಂಗೈ, ಲಿಂಗವಿದ್ದ ಜಾಗದಲ್ಲೂ ಅಂಗೈಯದೇ ಬಣ್ಣ. ರಜನಿ, ನನ್ನ ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ಸುರಿಯಿತು. ಇನ್ನೇನು ಬೇಕು ಈ ಜನ್ಮಕ್ಕೆ ಅನ್ನಿಸಿತು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ನಾನು ಯಾರಿಗೂ ಹೇಳಲಿಲ್ಲ. ಇಂಥದ್ದನ್ನು ಸಾರಿಕೊಂಡು ತಿರುಗಬಾರದು ಎಂಬ ವಿನಯ ಬೇರೆ. ಆ ವಿನಯದ ಒಳಗೆ ಎಷ್ಟು ಜಂಬ ಇತ್ತು ಎಂದು ಈಗ ನೆನೆದರೆ ನಗು ಬರುತ್ತದೆ.

ಸಂಕ್ರಾಂತಿಗೆ ಬಾಯಿ ತಡೆಯಲಿಲ್ಲ, ರಾಚಯ್ಯನವರಿಗೆ ಹೇಳಿಬಿಟ್ಟೆ. ಸ್ಯಾಂಟಾ ಕ್ಲಾರಿಟಾದ ರಾಚಯ್ಯನವರು ನಿನಗೆ ಗೊತ್ತು, ನಮ್ಮ ಮಂದಿಯ ಪೂಜೆ, ಗೃಹಪ್ರವೇಶ ಎಲ್ಲ ಮಾಡಿಸುವ ರಿಟೈರ್ಡ್ ಎಂಜಿನಿಯರ್. ಎಪ್ಪತ್ತೆರಡು ವರ್ಷದ ಮನುಷ್ಯ, ನನಗಿಂತ ನಿಷ್ಠೆಯಿಂದ ಪೂಜೆ ಮಾಡಿದವರು. ಕೇಳಿದ್ದೇ ಎದ್ದು ನಿಂತರು. 'ಇಷ್ಟ ವರ್ಷ ನೋಡೀನ್ರಿ, ನನಗ ಒಂದ್ ದಿನಾ ಹಂಗ ಆಗಿಲ್ಲ, ನೀವು ದೊಡ್ಡವರ್ರಿ' ಎಂದು ಕೈ ಮುಗಿದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಉಳಿಯುತ್ತಿದ್ದೆ. ಶಿವರಾತ್ರಿಯ ದಿನ ಅವರ ಮನೆಯಲ್ಲಿ ಕೂಡಿದ ಅಷ್ಟೂ ಜನರೆದುರು ಹೇಳಿದರು. ಹೆಂಗಸರು ಬಂದು ಕಾಲು ಮುಟ್ಟತೊಡಗಿದರು. ನಾರ್ತ್‌ರಿಜ್‌ನಲ್ಲಿ ಓದುವ ಶ್ರೇಯಾ ಎಂಬ ಹುಡುಗಿ ಇಂಟರ್‌ವ್ಯೂಗೆ ಹೋಗುವ ಮುಂಚೆ ತಲೆಯ ಮೇಲೆ ಕೈ ಇಡಿಸಿಕೊಂಡು ಹೋದಳು. ಅವಳಿಗೆ ಕೆಲಸ ಸಿಕ್ಕಿಬಿಟ್ಟಿತು. ಅದು ಅವಳ ಓದಿನಿಂದ ಸಿಕ್ಕಿದ್ದು, ನನ್ನ ಕೈಯಿಂದಲ್ಲ ಎಂದು ನಾನು ಹೇಳಿದೆ. ಆದರೆ ಬಹಳ ಜೋರಾಗಿ ಹೇಳಲಿಲ್ಲ.

ನಿಮ್ಮಪ್ಪ ಮಾತ್ರ ನಂಬಲಿಲ್ಲ. ಆ ತಿಂಗಳುಗಳಲ್ಲೇ ಪೇಪರಿನ ಅಕ್ಷರ ಮಂಕಾಗಿದೆ ಎಂದು ನಾನು ಬಲ್ಬು ಬದಲಿಸಿದ್ದೆ, ಕನ್ನಡಕ ಬದಲಿಸಿದ್ದೆ, ಕೊನೆಗೆ ಪೇಪರನ್ನೇ ಬದಲಿಸಿದ್ದೆ. ಅವರು ಎಲ್ಲವನ್ನೂ ಗಮನಿಸಿದ್ದರು. ನನಗೆ ಮಾತ್ರ ಕಣ್ಣಿನ ಮೇಲೆ ಅನುಮಾನ ಬರಲಿಲ್ಲ. ಚಾಟ್ಸ್‌ವರ್ತ್‌ನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸರ್ಕ್ಯೂಟ್ ಬೋರ್ಡಿನ ಬೆಸುಗೆ ಪರೀಕ್ಷೆ ಮಾಡಿದ ಕಣ್ಣು ಇದು. ಕೂದಲೆಳೆಯಷ್ಟು ಬಿರುಕು ಇದ್ದರೂ ಹಿಡಿಯುತ್ತಿದ್ದೆ. ನನ್ನ ಕೈಯಿಂದ ತಪ್ಪು ಬೋರ್ಡು ಹೊರಗೆ ಹೋಗಿಲ್ಲ ಎಂದು ರಿಟೈರ್ ಆದ ದಿನ ಕೇಕಿನ ಮೇಲೆ ಬರೆಸಿದ್ದರು. ಅಂಥ ಕಣ್ಣಿಗೆ ದೇವರು ಕಂಡರೆ ಆಶ್ಚರ್ಯವೇನು ಎಂದುಕೊಂಡಿದ್ದೆ.

ಜೂನಿನಲ್ಲಿ ಒಂದು ಮಧ್ಯಾಹ್ನ ತರಕಾರಿ ತರಲು ಹೊರಟಿದ್ದೆವು. ನಾನೇ ಡ್ರೈವ್ ಮಾಡುತ್ತಿದ್ದೆ, ನಿಮ್ಮಪ್ಪ ಪಕ್ಕದಲ್ಲಿ ಚೀಟಿ ಓದುತ್ತಿದ್ದರು. ರಿನಾಲ್ಡಿ ಸ್ಟ್ರೀಟಿನ ಸಿಗ್ನಲ್ ಹತ್ತಿರ ಬಂದಾಗ ದೀಪವನ್ನು ನೇರವಾಗಿ ನೋಡಿದೆ. ದೀಪ ಇರಲಿಲ್ಲ. ಕಂಬದ ತೋಳಿತ್ತು, ನಡುವೆ ನೀಲಿ ಆಕಾಶವಿತ್ತು. ಕರೆಂಟ್ ಹೋಗಿರಬೇಕು ಎಂದುಕೊಂಡು ಮುಂದೆ ಬಿಟ್ಟೆ. 'ಏ, ಕೆಂಪ ಐತಿ, ನಿಂದ್ರಸು' ಎಂದು ನಿಮ್ಮಪ್ಪ ಕೂಗಿದರು. ಬ್ರೇಕ್ ತುಳಿದೆ. ಕಾರು ನಿಂತದ್ದು ಒಬ್ಬ ಹೆಣ್ಣುಮಗಳಿಂದ ಒಂದು ಮಾರು ದೂರದಲ್ಲಿ. ಅವಳು ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡು ರಸ್ತೆ ದಾಟುತ್ತಿದ್ದಳು. ಕೂಸು ಒಂದು ಕಾಲಿನ ಸಾಕ್ಸ್ ಕಿತ್ತು ಕೈಯಲ್ಲಿ ಹಿಡಿದಿತ್ತು. ಆ ಬರಿಗಾಲು ನನಗೆ ಓರೆಯಲ್ಲಿ ಎಷ್ಟು ಸ್ಪಷ್ಟವಾಗಿ ಕಂಡಿತು ಎಂದರೆ, ಇವತ್ತಿಗೂ ಐದೂ ಬೆರಳು ಎಣಿಸಬಲ್ಲೆ.

ಆ ಕ್ಷಣದಲ್ಲಿ ಗೊತ್ತಾಯಿತು ರಜನಿ. ದೀಪ ಮಾಯವಾದ ಆ ರೀತಿ ನನಗೆ ಹೊಸದಲ್ಲ, ದಿನಾ ಬೆಳಿಗ್ಗೆ ನೋಡುತ್ತಿದ್ದೆ. ನನ್ನ ಪೂಜೆಗೆ ದೇವರು ಮೆಚ್ಚಿದ್ದರೆ ಲಿಂಗವನ್ನು ಮಾತ್ರ ಮರೆ ಮಾಡಬೇಕಿತ್ತು. ರಿನಾಲ್ಡಿ ಸ್ಟ್ರೀಟಿನ ಸಿಗ್ನಲನ್ನು ಯಾಕೆ ಮರೆ ಮಾಡಿದ? ಸ್ಟಿಯರಿಂಗ್ ಬಿಟ್ಟು ಪಕ್ಕಕ್ಕೆ ಸರಿದೆ. ಮನೆಗೆ ಬಂದ ಮೇಲೆ ಗ್ಯಾರೇಜಿನಲ್ಲೇ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. 'ಲಿಂಗ ಎಲ್ಲೂ ಹೋಗಿಲ್ಲ ಬಿಡು, ಹೋಗಿದ್ದು ನಿನ್ನ ಕಣ್ಣ' ಎಂದರು. ಹಿಡಿದ ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.

ಡಾಕ್ಟರು ಇದಕ್ಕೆ ಮ್ಯಾಕ್ಯುಲರ್ ಡಿಜೆನರೇಶನ್ ಅನ್ನುತ್ತಾರೆ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುವ ಕಾಯಿಲೆ. ಎರಡೂ ಕಣ್ಣಿನಲ್ಲಿ ಇದೆ. ಏಳೆಂಟು ವರ್ಷದಿಂದ ನಡೆಯುತ್ತಿರಬಹುದಂತೆ. ನನಗೆ ಬಂದ ಬಗೆಗೆ ಔಷಧಿಯಿಲ್ಲ, ನಿಧಾನ ಮಾಡುವ ವಿಟಮಿನ್ ಗುಳಿಗೆ ಇದೆ. ಪೂರ್ತಿ ಕತ್ತಲಾಗುವುದಿಲ್ಲ, ಅಂಚು ಉಳಿಯುತ್ತದೆ, ನಡುಭಾಗ ಹೋಗುತ್ತದೆ. ಕಾರಿನಲ್ಲಿ ಕೂತು ಅತ್ತೆ. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ಮೊದಲು ಅತ್ತದ್ದು ಕಣ್ಣಿಗಾಗಿ ಅಲ್ಲ, ದೊಡ್ಡಸ್ತಿಕೆ ಹೋಯಿತಲ್ಲ ಎಂದು. ಕಣ್ಣಿಗಾಗಿ ಅತ್ತದ್ದು ಮನೆಗೆ ಬಂದ ಮೇಲೆ, ನಿನ್ನ ಕೂಸಿಗೆ ಹೊಲಿಯಲು ತಂದಿಟ್ಟ ಹತ್ತಿ ಬಟ್ಟೆ ಮೇಜಿನ ಮೇಲೆ ಕಂಡಾಗ.

ಈಗ ಗೊತ್ತಾಯಿತೇ ಯಾಕೆ ಬರುವುದಿಲ್ಲ ಎಂದೆ ಅಂತ? ಕಣ್ಣು ಮುಚ್ಚಿದರೆ ಆ ಬರಿಗಾಲು ಕಾಣುತ್ತಿತ್ತು. ಎಣ್ಣೆ ಹಚ್ಚಿದ ಕೂಸು ಜಾರುತ್ತದೆ, ಬಿಸಿ ನೀರು ಇರುತ್ತದೆ, ಮೂಗಿಗೆ ನೀರು ಹೋದರೆ ನನಗೆ ಕಾಣುವುದಿಲ್ಲ. ಯಾವ ಧೈರ್ಯದಿಂದ ಬರಲಿ? ಹಾಗೆಂದು ನಿನಗೆ ಹೇಳಿದರೆ ನೀನು ಈ ಹೊಟ್ಟೆ ಹೊತ್ತುಕೊಂಡು ಫ್ರೀವೇ ಹಿಡಿದು ಓಡಿ ಬರುತ್ತಿದ್ದೆ. ಅದಕ್ಕೆ ಮೊಣಕಾಲನ್ನು ಮುಂದೆ ಮಾಡಿದೆ. ನಿಮ್ಮಪ್ಪನ ಬಾಯಿಯನ್ನೂ ಕಟ್ಟಿಹಾಕಿದ್ದೆ, ಅವರ ಮೇಲೆ ಸಿಟ್ಟಾಗಬೇಡ.

ಒಂದೂವರೆ ತಿಂಗಳು ಪೂಜೆ ಬಿಟ್ಟೆ. ಲಿಂಗ ಕೊರಳಲ್ಲಿತ್ತು, ಕರಡಿಗೆ ತೆಗೆಯಲಿಲ್ಲ. ಮೋಸ ಹೋದವಳ ಹಾಗೆ ಮುನಿಸಿಕೊಂಡಿದ್ದೆ, ಮೋಸ ಮಾಡಿದವರು ಯಾರು ಎಂದು ಕೇಳಿದರೆ ಹೇಳಲು ಹೆಸರಿರಲಿಲ್ಲ.

ಕಣ್ಣಿನ ಆಸ್ಪತ್ರೆಯವರು ಎಲೆನಾ ಎಂಬ ಹೆಣ್ಣುಮಗಳ ಹತ್ತಿರ ಕಳಿಸಿದರು. ಉಳಿದ ದೃಷ್ಟಿಯನ್ನು ಬಳಸುವುದು ಹೇಗೆ ಎಂದು ಕಲಿಸುವವಳು. ನನ್ನನ್ನು ಕೂರಿಸಿ, ಎದುರಿಗೆ ದೊಡ್ಡ ಗಡಿಯಾರವಿದೆ, ನೋಡಬೇಕಾದ ವಸ್ತು ಅದರ ನಟ್ಟನಡುವೆ ಇದೆ ಎಂದುಕೊಳ್ಳಿ ಎಂದಳು. ನಡುವನ್ನು ನೋಡಬೇಡಿ, ಹನ್ನೆರಡರ ಕಡೆ ನೋಡಿ, ಒಂದರ ಕಡೆ ನೋಡಿ, ಯಾವಾಗ ವಸ್ತು ಚೆನ್ನಾಗಿ ಕಾಣುತ್ತದೋ ಹೇಳಿ ಎಂದಳು. ಸುತ್ತಿ ಸುತ್ತಿ ನನ್ನದು ಹನ್ನೊಂದು ಗಂಟೆ ಎಂದಾಯಿತು. ಎಡಕ್ಕೆ, ಸ್ವಲ್ಪ ಮೇಲಕ್ಕೆ. ಜೀವನವಿಡೀ ಎಲ್ಲವನ್ನೂ ಗುರಿಯಿಟ್ಟು ನೋಡಿದವಳಿಗೆ ಪಕ್ಕಕ್ಕೆ ನೋಡು ಎಂದರೆ ಎಷ್ಟು ಕಷ್ಟ ಗೊತ್ತೇ? ಮೂರು ವಾರ ಕಣ್ಣು ಓಡಿ ಓಡಿ ನಡುವಿಗೇ ಹೋಗುತ್ತಿತ್ತು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು ಕರಡಿಗೆ ಬಿಚ್ಚಿದೆ. ಲಿಂಗವನ್ನು ಅಂಗೈಯಲ್ಲಿಟ್ಟು, ದೃಷ್ಟಿಯನ್ನು ಹೆಬ್ಬೆರಳಿನ ಕಡೆ ಸರಿಸಿದೆ. ಓರೆಯಲ್ಲಿ, ಮೆಲ್ಲಗೆ, ಲಿಂಗ ಬಂತು. ಚುಕ್ಕೆ ಇರಲಿಲ್ಲ, ಅಂಚೂ ಮಂಕು, ಆದರೂ ಬಂತು. ನಾನು ಹಿಂದೆ ಬೆರಗಾದದ್ದು ಸುಳ್ಳಿಗೆ. ಈ ಬೆರಗು ಹಾಗಲ್ಲ. ಅದನ್ನು ಬಿಗಿಯಾಗಿ ಹಿಡಿದು ನೋಡಿದಷ್ಟು ದಿನ ಅದು ಇರಲಿಲ್ಲ, ಬಿಟ್ಟು ಪಕ್ಕಕ್ಕೆ ಸರಿದಾಗ ತಾನಾಗಿ ಬಂದು ಕೂತಿತು. ಆಮೇಲೆ ದೃಷ್ಟಿಯನ್ನು ಇನ್ನಷ್ಟು ಸರಿಸುತ್ತ ಹೋದೆ. ಒಂದೊಂದೇ ಭಾಗವಾಗಿ ಅಂಗೈ ಕಾಣಿಸಿತು. ಮುದುಕಿಯ ಅಂಗೈ. ಕಿರುಬೆರಳಿನ ಕೆಳಗೆ ಬೆಸುಗೆ ಕಡ್ಡಿ ತಾಗಿದ ಕಲೆ, ಮಣಿಕಟ್ಟಿನ ಹತ್ತಿರ ನೆರಿಗೆ, ಸುಕ್ಕಿನ ಮೇಲೆ ಸುಕ್ಕು. ನಲವತ್ತು ವರ್ಷ ದಿನಾ ಬೆಳಿಗ್ಗೆ ಕಣ್ಣ ಮುಂದೆ ಹಿಡಿದ ಕೈ ಇದು. ಇದು ಯಾವಾಗ ಮುದಿಯಾಯಿತು? ಲಿಂಗವನ್ನು ಹೊತ್ತು ನಿಂತ ಕೈಯನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಅವತ್ತಿನಿಂದ ನನಗೆ ಈ ನಿಧಾನ ಎಂಬುದರ ಮೇಲೆ ಭಕ್ತಿ ಹುಟ್ಟಿದೆ. ಕಣ್ಣಿನ ನಡುಭಾಗ ಹೋಗುತ್ತಿದ್ದಾಗ ನನ್ನ ಮೆದುಳು ಸುತ್ತಲಿನ ಬಣ್ಣವನ್ನೇ ತಂದು ಆ ತೂತಿಗೆ ತೇಪೆ ಹಾಕುತ್ತಿತ್ತಂತೆ, ನನಗೆ ತಿಳಿಯಬಾರದು ಎಂದು. ಎಲೆನಾ ಹೇಳಿದ್ದು ಇದು. ನನ್ನೊಳಗೇ ಕೂತು ನನ್ನನ್ನು ಇಷ್ಟು ಜೋಪಾನ ಮಾಡುತ್ತಿದ್ದವರು ಯಾರು? ನಮ್ಮ ಹಿಂದಿನ ಗುಡ್ಡ ಮಾರ್ಚಿನಲ್ಲಿ ಹಸಿರಿತ್ತು, ಈಗ ಒಣಗಿ ಗೋಧಿಯ ಬಣ್ಣವಾಗಿದೆ. ಯಾವ ದಿನ ಆಯಿತು ಎಂದು ಈ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳಲಾರರು. ಫ್ರಿಜ್ಜಿನ ಮೇಲೆ ಚೌಕದ ಗೆರೆಗಳ ಒಂದು ಹಾಳೆ ಅಂಟಿಸಿದ್ದೇನೆ. ದಿನಾ ನೋಡಿ, ಯಾವ ಗೆರೆ ಬಾಗಿದೆ ಎಂದು ಪರೀಕ್ಷಿಸಬೇಕು. ಮೊದಮೊದಲು ಹೆದರಿ ನೋಡುತ್ತಿದ್ದೆ. ಈಗ ಕಾಫಿ ಲೋಟ ಹಿಡಿದು ನಿಂತು, ಇವತ್ತು ಏನು ಮಾಡಿದ್ದೀಯಪ್ಪಾ ಎಂದು ಕೇಳಿ ನೋಡುತ್ತೇನೆ. ಹಳೆಯ ಇನ್‌ಸ್ಪೆಕ್ಟರಲ್ಲವೇ, ತಪ್ಪು ಬರೆದುಕೊಳ್ಳುವ ಚಟ ಹೋಗಿಲ್ಲ, ಆದರೆ ಇದನ್ನು ತಪ್ಪು ಎಂದು ಬರೆದುಕೊಳ್ಳಲು ಕೈ ಬರುವುದಿಲ್ಲ. ನಿನ್ನ ಹೊಟ್ಟೆಯಲ್ಲಿರುವುದಕ್ಕೂ ಹೀಗೇ ಯಾರಿಗೂ ಸದ್ದಾಗದಂತೆ ಒಂದು ಜೊತೆ ಕಣ್ಣು ಮೂಡಿದೆ. ಅದನ್ನು ನೆನೆದರೆ ನಾನು ಕೂತಲ್ಲೇ ಕೈ ಮುಗಿಯುತ್ತೇನೆ.

ಇನ್ನು ರಾಚಯ್ಯನವರ ಸಾಲ ಉಳಿಯಿತು ನೋಡು, ಸತ್ಯದ ಸಾಲ. ಶ್ರಾವಣದ ಕೊನೆಯ ಸೋಮವಾರ ಅವರ ಮನೆಯಲ್ಲಿ ಎಲ್ಲರೂ ಸೇರಿದಾಗ ಎದ್ದು ನಿಂತು ಹೇಳಿದೆ. ಅದು ಸಿದ್ಧಿಯಲ್ಲ, ಕಾಯಿಲೆ ಎಂದೆ. ಕಾಲು ಮುಟ್ಟಿದವರೆಲ್ಲ ಕ್ಷಮಿಸಿ ಎಂದೆ. ಶ್ರೇಯಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಉಳಿದವರು ನೆಲ ನೋಡುತ್ತ ಕೂತರು. ರಾಚಯ್ಯನವರು, 'ಪೂಜಿ ಬಿಟ್ಟೀರೇನ್ರಿ?' ಎಂದು ಕೇಳಿದರು. ಬಿಟ್ಟಿಲ್ಲ ಎಂದೆ. 'ಈಗ ಏನ್ ಕಾಣ್ತೈತ್ರಿ?' ಎಂದರು. ಲಿಂಗ ಓರೆಯಲ್ಲಿ ಕಾಣುತ್ತದೆ, ಅಂಗೈ ಕಾಣುತ್ತದೆ ಎಂದೆ. ಆ ದೊಡ್ಡ ಮನುಷ್ಯ ತಮ್ಮ ಎಡಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ನೋಡುತ್ತ ಕೂತುಬಿಟ್ಟರು. 'ನಾ ಇನ್ನೂ ನೋಡಿಲ್ರೀ ಇದನ್ನ' ಎಂದರು. ಊಟಕ್ಕೆ ಎಬ್ಬಿಸಲು ಅವರ ಹೆಂಡತಿಯೇ ಬರಬೇಕಾಯಿತು.

ಅಷ್ಟು ಮಂದಿಯೆದುರು ಹೇಳಿದವಳು ನಿನ್ನೊಬ್ಬಳಿಗೆ ಹೇಳದೆ ಇರುವುದು ಯಾವ ನ್ಯಾಯ ಎನ್ನಿಸಿತು. ಆದರೆ ಬರಿಗೈಯಲ್ಲಿ ಬರೆಯಬಾರದು ಎಂದು ಮೂರು ವಾರ ಅಭ್ಯಾಸ ಮಾಡಿದ್ದೇನೆ. ನಗಬೇಡ. ಏಳು ಪೌಂಡ್ ಅಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಟವೆಲ್ ಸುತ್ತಿ, ಎಣ್ಣೆ ಸವರಿ, ಬಾತ್‌ರೂಮಿನಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತು ದಿನಾ ಎರೆಯುತ್ತೇನೆ. ನೀರಿನ ಬಿಸಿಯನ್ನು ಮೊಣಕೈ ಹೇಳುತ್ತದೆ. ಮೂಗಿಗೆ ಅಡ್ಡ ಹಿಡಿಯುವುದು ಕಣ್ಣಿನ ಕೆಲಸ ಎಂದುಕೊಂಡಿದ್ದೆ, ಅದು ಎಡಗೈಯ ಕೆಲಸವಂತೆ. ಕೈಗೆ ಎಲ್ಲ ನೆನಪಿದೆ, ನಿನ್ನನ್ನು ಎರೆದ ಕೈ ಇದು. ಇಲ್ಲಿಯವರೆಗೆ ಒಮ್ಮೆಯೂ ಜಾರಿಲ್ಲ. 'ಅಕ್ಕಿ ಅಳಂಗಿಲ್ಲ, ಕೂಸು ಅಳತೈತಿ' ಎಂದು ನಿಮ್ಮಪ್ಪ ಬಾಗಿಲಲ್ಲಿ ನಿಂತು ಹೇಳುತ್ತಾರೆ. ಅಳಲಿ, ಕಿವಿ ಚೆನ್ನಾಗಿಯೇ ಇದೆ.

ಔಷಧಿ ಅಳೆಯುವುದು, ಉಗುರು ತೆಗೆಯುವುದು ನನ್ನಿಂದ ಆಗದು. ಅದನ್ನು ಜಯಂತ ಮಾಡಲಿ. ಎರೆಯುವಾಗಲೂ ಅವನು ಪಕ್ಕದಲ್ಲಿ ಕೂರಲಿ, ನನ್ನ ಅಳಿಯ ನನ್ನ ಕಣ್ಣಾಗಲು ಒಪ್ಪಿದರೆ ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಇಷ್ಟಾದ ಮೇಲೂ ನಿನಗೆ ಅಂಜಿಕೆಯಾದರೆ ಬೇಡ ಅನ್ನು. ಕೂಸು ನಿನ್ನದು, ತೀರ್ಮಾನವೂ ನಿನ್ನದೇ. ಎರೆಯಬೇಡ, ಬರೀ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರು ಎಂದರೂ ಬರುತ್ತೇನೆ. ಬರಲೇಬೇಡ ಎಂದರೆ ಬರುವುದಿಲ್ಲ, ಆದರೆ ಆ ಮಾತನ್ನು ಫೋನ್ ಮಾಡಿ ಹೇಳು. ನಿನ್ನ ದನಿ ಕೇಳಿ ಆರು ವಾರವಾಯಿತು. ನಿಮ್ಮಪ್ಪ ಕಾರಿಗೆ ಎಣ್ಣೆ ಹಾಕಿಸಿ ಇಟ್ಟಿದ್ದಾರೆ, ನಾನು ಬಟ್ಟೆ ಮಡಿಚಿ ಇಟ್ಟಿದ್ದೇನೆ.

ಹಗಲು ಎರಡು ಸಲ ಎಡ ಮಗ್ಗುಲಿಗೆ ಮಲಗು. ಜಯಂತನಿಗೆ ನನ್ನ ಆಶೀರ್ವಾದ ತಿಳಿಸು.

ಮೊಣಕಾಲು ಗಟ್ಟಿಯಿರುವ,
ನಿನ್ನ ಅವ್ವ
ಗುರುಶಾಂತವ್ವ

ತಾ. ಕ.: ಪತ್ರ ಮಡಿಚಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಒಂದನ್ನು ಬೇಕೆಂದೇ ಬಿಟ್ಟಿದ್ದೆ. ಜುಲೈನಲ್ಲಿ ನಿನ್ನ ಕುಬಸದ ದಿನ ನಿನಗೆ ಉಡಿ ತುಂಬುವಾಗ, 'ಅವ್ವ, ಒಂದ್ ಸಲ ನನ್ನ ಮಾರಿ ನೋಡು' ಎಂದು ನೀನು ಮೆಲ್ಲಗೆ ಹೇಳಿದೆ. ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಮಗಾ, ನಾನು ನೋಡಿದ್ದೆ. ಎಷ್ಟು ಆಸೆಯಿತ್ತೋ ಅಷ್ಟೂ ಇಟ್ಟು ನೇರವಾಗಿ ನೋಡಿದ್ದೆ. ಹಸಿರು ಸೀರೆ ಕಂಡಿತು, ಬಳೆ ಕಂಡವು, ಮುಡಿದ ಹೂ ಕಂಡಿತು, ನಡುವೆ ನಿನ್ನ ಮುಖ ಇರಲಿಲ್ಲ. ಆಗ ನನಗೆ ಪಕ್ಕಕ್ಕೆ ನೋಡಲು ಬರುತ್ತಿರಲಿಲ್ಲ. ಇನ್ನು ಮುಂದೆ ನೀನು ಎದುರಿಗೆ ಕೂತಾಗ, ಅವ್ವನ ಕಣ್ಣು ನಿನ್ನ ಬಲಗಿವಿಯ ಆಚೆ ಗೋಡೆಯ ಮೇಲಿದ್ದರೆ, ಮುಖ ತಿರುಗಿಸಿದಳು ಎಂದುಕೊಳ್ಳಬೇಡ. ಆಗಲೇ ನಾನು ನಿನ್ನನ್ನು ನೋಡುತ್ತಿರುತ್ತೇನೆ.